ಎರಡು ಪ್ರಯತ್ನಗಳ ನಡುವಿನ ಹತ್ತು ತಿಂಗಳು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು, ವಯಸ್ಸು 26. ಕನ್ನಡ ಮಾಧ್ಯಮದಲ್ಲಿ ಓದಿ, ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿದ್ದೇನೆ. ರಾಜ್ಯದ ಪಟ್ಟಿಯಲ್ಲಿ ನಮ್ಮದು ಪ್ರವರ್ಗ 2ಎ. ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಓದಿ 2024 ಮತ್ತು 2025ರಲ್ಲಿ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಪ್ರಿಲಿಮ್ಸ್ ಬರೆದೆ. ಎರಡು ಸಲವೂ ದಾಟಲಿಲ್ಲ. ಈ ಸಲ ಸಾಮಾನ್ಯ ಅಧ್ಯಯನದ ಪತ್ರಿಕೆ ಪರವಾಗಿಲ್ಲ ಅನ್ನಿಸಿತ್ತು, ಆದರೆ ಗಣಿತ, ತಾರ್ಕಿಕತೆ, ಗದ್ಯಗ್ರಹಿಕೆಯ ಎರಡನೇ ಪತ್ರಿಕೆ ಸಿ-ಸ್ಯಾಟ್ ಕೈಕೊಟ್ಟಿತು. ಖರ್ಚು ತಾಳದೆ ಊರಿಗೆ ಮರಳಿದ್ದೇನೆ. ಮುಂದಿನ ಪ್ರಿಲಿಮ್ಸ್‌ಗೆ ಇನ್ನೂ ಹತ್ತು ತಿಂಗಳಿದೆ. ಹಳೆಯ ನೋಟ್ಸ್ ತಿರುವಿಹಾಕುತ್ತ ದಿನಗಳು ಹೋಗುತ್ತಿವೆ. ಅಪ್ಪ ಬಿ.ಎಡ್.ಗೆ ಸೇರು ಅನ್ನುತ್ತಾರೆ, ಪಿ.ಜಿ.ಯ ಗೆಳತಿಯರು ಬೇರೆ ಯಾವುದಕ್ಕೂ ಕೈಹಾಕಬೇಡ, ಗಮನ ಚದುರುತ್ತದೆ ಅನ್ನುತ್ತಾರೆ. ಈ ಬಿಡುವನ್ನು ಹೇಗೆ ಬಳಸಲಿ?

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲೂ ಗೆಳತಿಯರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಪೂರ್ವಭಾವಿ ಪರೀಕ್ಷೆಗೆ (ಪ್ರಿಲಿಮ್ಸ್) ಮುಂಚಿನ ಮೂರೂವರೆ ನಾಲ್ಕು ತಿಂಗಳಲ್ಲಿ ಬೇರೆ ಯಾವುದಕ್ಕೂ ಕೈಹಾಕಬಾರದೆಂಬುದು ನಿಜ. ಆದರೆ ಅದಕ್ಕೂ ಹಿಂದಿನ ಆರು ತಿಂಗಳಿಗೆ ಆ ಮಾತು ಅನ್ವಯಿಸುವುದಿಲ್ಲ, ಮತ್ತು ಈಗ ನಿಮ್ಮ ಕೈಯಲ್ಲಿರುವುದು ಆ ಆರು ತಿಂಗಳು. ಆಯೋಗದ ವೇಳಾಪಟ್ಟಿಯ ಪ್ರಕಾರ ಮುಂದಿನ ಪೂರ್ವಭಾವಿ ಪರೀಕ್ಷೆ 2026ರ ಮೇ 24ರಂದು ಇದೆ. ಜನವರಿಯ ಕೊನೆಯವರೆಗಿನ ಅವಧಿಯನ್ನು ಪರೀಕ್ಷೆ ಹತ್ತಿರ ಬಂದಾಗ ಮಾಡಲಾಗದ ನಿಧಾನದ ಕೆಲಸಗಳಿಗೆ ಮೀಸಲಿಡಬೇಕು. ಮತ್ತು ಆ ಕೆಲಸಗಳು ನಾಳೆ ಆಯ್ಕೆಯಾಗದಿದ್ದರೂ ನಿಮಗೆ ಉಪಯೋಗಕ್ಕೆ ಬರುವಂಥವಾಗಿರಬೇಕು. ನನ್ನ ಉತ್ತರದ ತಿರುಳು ಇಷ್ಟೇ. ಉಳಿದದ್ದು ಅದನ್ನು ನಿಮ್ಮ ಪರಿಸ್ಥಿತಿಗೆ ಹೊಂದಿಸುವ ವಿವರ.

ಎರಡನೆಯ ಷರತ್ತನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಅಂಕಿಅಂಶಗಳು ಹಾಗಿವೆ. 2024ರ ನಾಗರಿಕ ಸೇವಾ ಪರೀಕ್ಷೆಗೆ 9,92,599 ಮಂದಿ ಅರ್ಜಿ ಹಾಕಿದ್ದರು, 5,83,213 ಮಂದಿ ಪರೀಕ್ಷೆಗೆ ಕೂತರು. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,627, ಸಂದರ್ಶನಕ್ಕೆ ಹೋದವರು 2,845, ಕೊನೆಗೆ ನೇಮಕಾತಿಗೆ ಶಿಫಾರಸಾದವರು 1,009 ಮಂದಿ. ಸಂದರ್ಶನದವರೆಗೆ ಹೋಗಿ ಪಟ್ಟಿಯಲ್ಲಿ ಹೆಸರು ಬಾರದವರ ವಿವರಗಳನ್ನು, ಅವರು ಒಪ್ಪಿದರೆ, ಉದ್ಯೋಗದಾತರಿಗೆ ಒದಗಿಸುವ ವ್ಯವಸ್ಥೆಯೊಂದನ್ನು ಆಯೋಗ 2018ರಿಂದ ನಡೆಸುತ್ತಿದೆ. ಅದಕ್ಕೆ ಈಗ ಪ್ರತಿಭಾ ಸೇತು ಎಂದು ಹೆಸರು. ಪೂರ್ವಭಾವಿಯಲ್ಲೇ ನಿಂತವರಿಗೆ ಅಂಥ ಆಸರೆ ಇಲ್ಲ. ಆದ್ದರಿಂದ ಅದನ್ನು ನೀವೇ ಕಟ್ಟಿಕೊಳ್ಳಬೇಕು, ಮತ್ತು ಅದಕ್ಕೆ ಸಿಗುವ ಸಮಯ ಈ ಬಿಡುವು ಮಾತ್ರ.

ನೀವು ಈಗ ಮಾಡುತ್ತಿರುವ ಹಳೆಯ ನೋಟ್ಸ್‌ನ ಮರು ಓದನ್ನು ಮೊದಲು ನಿಲ್ಲಿಸಿ. ಸಂವಿಧಾನದ ವಿಧಿಗಳನ್ನೂ ಭೂಗೋಳದ ನಕ್ಷೆಗಳನ್ನೂ ಫೆಬ್ರವರಿಯ ನಂತರ ಹೇಗೂ ಎರಡು ಸಲ ಓದುತ್ತೀರಿ. ಆಗಸ್ಟ್‌ನಲ್ಲಿ ಓದಿದ್ದು ಮೇ ತಿಂಗಳವರೆಗೆ ಉಳಿಯುವುದೂ ಇಲ್ಲ. ಪರಿಚಿತ ಪುಟವನ್ನು ತಿರುವಿದಾಗ ಎಲ್ಲವೂ ಗೊತ್ತಿದೆ ಎಂಬ ಸಮಾಧಾನ ಸಿಗುತ್ತದೆ, ಹತ್ತು ಗಂಟೆ ಓದಿದೆನೆಂದು ಹೇಳಿಕೊಳ್ಳುವುದಕ್ಕೂ ಆಗುತ್ತದೆ, ಆದರೆ ನಿಮ್ಮನ್ನು ಸೋಲಿಸಿದ ವಿಷಯ ಅಲ್ಲಿಯೇ ಉಳಿದಿರುತ್ತದೆ. ಅದರ ಬದಲು 2025ರ ಎರಡೂ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು, ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವೆ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಲಿಲ್ಲವೆ, ಊಹೆ ಕೆಟ್ಟಿತೆ, ಸಮಯ ಮುಗಿಯಿತೆ? 2025ರ ಪೂರ್ವಭಾವಿ ಅಂಕಗಳು ಆ ವರ್ಷದ ಅಂತಿಮ ಫಲಿತಾಂಶ ಬಂದ ಮೇಲಷ್ಟೇ ಪ್ರಕಟವಾಗುವುದರಿಂದ ಅಲ್ಲಿಯವರೆಗೆ ಕಾಯುವುದು ವ್ಯರ್ಥ. ಆದರೆ 2024ರ ನಿಮ್ಮ ಅಂಕಗಳು ಈಗಾಗಲೇ ಲಭ್ಯವಿವೆ. ಸಾಮಾನ್ಯ ವರ್ಗದ ಕಟ್‌ಆಫ್ ಆ ವರ್ಷ 87.98 ಇತ್ತು. ಅದರ ಪಕ್ಕದಲ್ಲಿ ನಿಮ್ಮ ಅಂಕ ಇಟ್ಟು ನೋಡಿ, ಎಷ್ಟು ದೂರದಲ್ಲಿದ್ದಿರಿ ಎಂಬುದು ತಿಳಿಯುತ್ತದೆ.

ಈಗ ಸಿ-ಸ್ಯಾಟ್ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕನ್ನಡ ಮಾಧ್ಯಮದ ಕಲಾ ಪದವೀಧರರು ಎಡವುವುದು ಬಹುಪಾಲು ಇಲ್ಲಿಯೇ, ಮತ್ತು ತರಬೇತಿ ಕೇಂದ್ರಗಳು ಕೊನೆಯ ತಿಂಗಳಿನ ಕ್ರ್ಯಾಶ್ ಕೋರ್ಸ್‌ಗೆ ಇದನ್ನು ತಳ್ಳಿಬಿಡುತ್ತವೆ. ಎರಡು ಗಂಟೆ, 80 ಪ್ರಶ್ನೆ, ಪ್ರತಿ ಪ್ರಶ್ನೆಗೆ ಎರಡೂವರೆ ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ, ಅರ್ಹತೆಗೆ ಬೇಕಾದದ್ದು ಶೇ 33. ನೋಡುವುದಕ್ಕೆ ಸುಲಭದ ಗುರಿ. ಆದರೆ ಲೆಕ್ಕ ಹಾಕಿ: 40 ಪ್ರಶ್ನೆಗಳಿಗೆ ಉತ್ತರಿಸಿ 30 ಸರಿ, 10 ತಪ್ಪಾದರೆ ಸಿಗುವುದು 66.7, ಅಂದರೆ ಅಂಚಿಗೆ ಅಂಟಿಕೊಂಡು ಪಾಸು. ನಾಲ್ಕರಲ್ಲಿ ಮೂರು ಸರಿಯಾಗುವ ನಿಖರತೆ ಇದ್ದವರಿಗೇ ಈ ಸ್ಥಿತಿ. 2023ರ ಪತ್ರಿಕೆ ಅತಿ ಕಠಿಣವಾಗಿತ್ತೆಂದು ಆಕಾಂಕ್ಷಿಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದರು. ಇದಕ್ಕೆ ಸೇರಿಕೊಂಡು, ಪೂರ್ವಭಾವಿಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು, ಆದರೆ ಅಲ್ಲಿಗೆ ಹೋಗುವ ಬಾಗಿಲಲ್ಲಿ ಇಂಗ್ಲಿಷಿನ ಗದ್ಯಭಾಗಗಳನ್ನು ವೇಗವಾಗಿ ಓದಿ ಅರ್ಥಮಾಡಿಕೊಳ್ಳಲೇಬೇಕು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲವೆಂದೇ ಹೇಳುತ್ತೇನೆ. ಆದರೆ ನಿಯಮ ಬದಲಾಗುವವರೆಗೆ ನೀವು ಕಾಯುವಂತಿಲ್ಲ.

ಓದಿನ ವೇಗ ಮೂರು ವಾರದಲ್ಲಿ ಬರುವುದಿಲ್ಲ, ಆರು ತಿಂಗಳಲ್ಲಿ ಬರುತ್ತದೆ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಆರಿಸಿಕೊಂಡು, ಅದರ ಒಂದು ಪ್ಯಾರಾವನ್ನು ಕನ್ನಡಕ್ಕೆ ಅನುವಾದಿಸಿ; ಮರುದಿನ ಮೂಲವನ್ನು ನೋಡದೆ ನಿಮ್ಮ ಕನ್ನಡವನ್ನೇ ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಎರಡನ್ನೂ ಹೋಲಿಸಿ. ಮುಖ್ಯ ಪರೀಕ್ಷೆಯಲ್ಲಿ ತಲಾ 300 ಅಂಕಗಳ ಎರಡು ಭಾಷಾ ಪತ್ರಿಕೆಗಳಿವೆ, ಒಂದು ಭಾರತೀಯ ಭಾಷೆ, ಇನ್ನೊಂದು ಇಂಗ್ಲಿಷ್. ಎರಡರಲ್ಲೂ ಶೇ 25 ಬಾರದಿದ್ದರೆ ಉಳಿದ ಏಳು ಪತ್ರಿಕೆಗಳ ಅಂಕ ಗಣನೆಗೇ ಬರುವುದಿಲ್ಲ. ಕನ್ನಡ ಪತ್ರಿಕೆಯಲ್ಲಿ ಎರಡೂ ಕಡೆಯ ಅನುವಾದ ಇರುತ್ತದೆ. ಹೀಗಾಗಿ ದಿನದ ಮುಕ್ಕಾಲು ಗಂಟೆಯ ಈ ಅಭ್ಯಾಸ ಸಿ-ಸ್ಯಾಟ್‌ಗೂ ಭಾಷಾ ಪತ್ರಿಕೆಗಳಿಗೂ ಪ್ರಚಲಿತ ವಿದ್ಯಮಾನಕ್ಕೂ ಒಟ್ಟಿಗೇ ಸಲ್ಲುತ್ತದೆ.

ಗಣಿತ ಮತ್ತು ತಾರ್ಕಿಕ ಪ್ರಶ್ನೆಗಳಿಗೆ ನನ್ನ ಸಲಹೆ ನಿಮಗೆ ವಿಚಿತ್ರವೆನಿಸಬಹುದು: ಪಾಠ ಮಾಡಿ. ನಿಮ್ಮ ಊರಿನಲ್ಲಿ ನವೋದಯಕ್ಕೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯುವ ಐದನೇ ತರಗತಿಯ ಮಕ್ಕಳು, ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯುವ ಎಂಟನೇ ತರಗತಿಯ ಮಕ್ಕಳು ಖಂಡಿತ ಇದ್ದಾರೆ. ಎನ್‌ಎಂಎಂಎಸ್‌ನಲ್ಲಿ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಅದರ ಮಾನಸಿಕ ಸಾಮರ್ಥ್ಯ ಪರೀಕ್ಷೆಯಲ್ಲಿ 90 ಪ್ರಶ್ನೆ. ಸಂಖ್ಯಾ ಶ್ರೇಣಿ, ಶೇಷ, ಅನುಪಾತ, ಕಾಲ ಮತ್ತು ದೂರ, ದಿಕ್ಕು, ರಕ್ತಸಂಬಂಧ ಇವೆಲ್ಲ ಆ ಮಕ್ಕಳ ಪಠ್ಯದಲ್ಲೂ ಇವೆ, ನಿಮ್ಮ ಸಿ-ಸ್ಯಾಟ್‌ನಲ್ಲೂ ಇವೆ. ಮಟ್ಟ ಬೇರೆ, ಬುನಾದಿ ಒಂದೇ. ಹತ್ತು ವರ್ಷದ ಹುಡುಗಿಗೆ ಶೇಷದ ಲೆಕ್ಕ ಏಕೆ ಹಾಗೆ ಬರುತ್ತದೆಂದು ವಿವರಿಸಬೇಕಾದಾಗ, ಹಿಂದೆ ಸೂತ್ರ ಉರುಹೊಡೆದು ದಾಟಿಸಿದ್ದ ಜಾಗಗಳೆಲ್ಲ ಬಯಲಾಗುತ್ತವೆ. ಸಂಜೆ ಒಂದೂವರೆ ಗಂಟೆ ಸಾಕು. ಹಣ ಹೆಚ್ಚೇನೂ ಬರಲಿಕ್ಕಿಲ್ಲ, ಆದರೆ ಪುಸ್ತಕ, ಅರ್ಜಿ ಶುಲ್ಕ, ಬಸ್ಸಿನ ಖರ್ಚಿಗೆ ಮನೆಯಲ್ಲಿ ಕೈಯೊಡ್ಡುವುದು ತಪ್ಪುತ್ತದೆ. ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಜಾಗ ಕೇಳಿ. ಮೇಲ್ವಿಚಾರಕರು ಸಾಮಾನ್ಯವಾಗಿ ಇಂಥದಕ್ಕೆ ಇಲ್ಲವೆನ್ನುವುದಿಲ್ಲ, ನಿಮಗೂ ಮನೆಯ ಹೊರಗೊಂದು ಓದುವ ಮೇಜು ಸಿಕ್ಕಂತಾಗುತ್ತದೆ.

ಇದೇ ಸಾಮರ್ಥ್ಯವನ್ನು ಕೇಳುವ ಇನ್ನೊಂದು ದಾರಿ ಬ್ಯಾಂಕ್ ಪರೀಕ್ಷೆಗಳು. ಐಬಿಪಿಎಸ್ ಕ್ಲರ್ಕ್ ಹುದ್ದೆಯ ಪೂರ್ವಭಾವಿಯಲ್ಲಿ ಒಂದು ಗಂಟೆಗೆ ನೂರು ಪ್ರಶ್ನೆ: ಇಂಗ್ಲಿಷ್, ಸಂಖ್ಯಾ ಸಾಮರ್ಥ್ಯ, ತಾರ್ಕಿಕತೆ. ಇಂಗ್ಲಿಷ್ ಭಾಗವೊಂದನ್ನು ಬಿಟ್ಟು ಉಳಿದದ್ದನ್ನು ಕನ್ನಡದಲ್ಲಿ ಬರೆಯಬಹುದು; ಸ್ಥಳೀಯ ಭಾಷೆ ಗೊತ್ತಿರಬೇಕೆಂಬ ಷರತ್ತು ನಿಮಗೆ ಅನುಕೂಲವೇ. ಗ್ರಾಮೀಣ ಬ್ಯಾಂಕುಗಳ ಪೂರ್ವಭಾವಿಯಲ್ಲಿ ಇಂಗ್ಲಿಷ್ ಭಾಗವಿಲ್ಲ, ಉಳಿದ ಎರಡು ಇರುತ್ತವೆ. ಇವು ಹೆಚ್ಚಾಗಿ ಆಗಸ್ಟ್‌ನಿಂದ ವರ್ಷದ ಕೊನೆಯವರೆಗೆ ನಡೆಯುವುದರಿಂದ ನಿಮ್ಮ ಬಿಡುವಿನೊಳಗೇ ಬರುತ್ತವೆ. ಗಡಿಯಾರದ ಎದುರು ಕೂತು ನಿಜವಾದ ಪರೀಕ್ಷೆ ಬರೆಯುವುದಕ್ಕೂ ಮನೆಯಲ್ಲಿ ಅಣಕು ಪರೀಕ್ಷೆ ಬರೆಯುವುದಕ್ಕೂ ಅಜಗಜಾಂತರವಿದೆ. ಸಿಕ್ಕರೆ ಕೆಲಸ, ಸಿಗದಿದ್ದರೆ ಸಿ-ಸ್ಯಾಟ್‌ಗೆ ತಾಲೀಮು. ಎಸ್‌ಎಸ್‌ಸಿಯ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನೂ ಈಗ ಕನ್ನಡದಲ್ಲಿ ಬರೆಯಬಹುದು. ಆದರೆ ಕಂಡ ಕಂಡ ಅಧಿಸೂಚನೆಗೆಲ್ಲ ಅರ್ಜಿ ಹಾಕುವ ಚಟಕ್ಕೆ ಬೀಳಬೇಡಿ. ಒಂದು ಬ್ಯಾಂಕಿನದು, ಒಂದು ರಾಜ್ಯ ಸರ್ಕಾರದ್ದು, ಅಷ್ಟು ಸಾಕು.

ರಾಜ್ಯದ ಮಾತು ಬಂದಾಗ ಕೆಎಎಸ್ ಬಗ್ಗೆ ಒಂದು ಎಚ್ಚರಿಕೆ. ಯುಪಿಎಸ್‌ಸಿಯಂತೆ ಅದಕ್ಕೆ ವರ್ಷಕ್ಕೊಮ್ಮೆ ಎಂಬ ನಿಯತಕಾಲವಿಲ್ಲ. 2020ರಲ್ಲಿ 106 ಹುದ್ದೆಗಳಿಗೆ ಅಧಿಸೂಚನೆ ಬಂದ ಮೇಲೆ ಮುಂದಿನದು ಬಂದದ್ದು 2024ರಲ್ಲಿ, 384 ಹುದ್ದೆಗಳಿಗೆ. ಆ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಪ್ರಶ್ನೆಗಳಲ್ಲಿನ ಅನುವಾದದ ಎಡವಟ್ಟುಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ಆಯಿತು. ಇಂಥ ವೇಳಾಪಟ್ಟಿಯನ್ನು ನಂಬಿ ಜೀವನದ ಯೋಜನೆ ಹಾಕಲಾಗದು. ಆದರೆ ಯುಪಿಎಸ್‌ಸಿ ಓದಿನ ಜೊತೆಗೇ ಅದಕ್ಕೂ ಸಿದ್ಧರಾಗಿರಬಹುದು: ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವಿಲ್ಲ, ಕರ್ನಾಟಕದ ಇತಿಹಾಸ, ಆರ್ಥಿಕತೆ, ಭೂಗೋಳವಷ್ಟೇ ಹೆಚ್ಚುವರಿ. ಅದನ್ನು ಈ ಬಿಡುವಿನಲ್ಲಿ ಒಮ್ಮೆ ಓದಿ ಟಿಪ್ಪಣಿ ಮಾಡಿಟ್ಟುಕೊಂಡರೆ, ಅಧಿಸೂಚನೆ ಯಾವಾಗ ಬಂದರೂ ಗಾಬರಿಯಾಗುವುದಿಲ್ಲ. ಪಿಡಿಒ, ಗ್ರಾಮ ಆಡಳಿತ ಅಧಿಕಾರಿಯಂಥ ಹುದ್ದೆಗಳಿಗೂ ಅದೇ ಟಿಪ್ಪಣಿ ಉಪಯೋಗಕ್ಕೆ ಬರುತ್ತದೆ.

ಬಿ.ಎಡ್. ಕುರಿತು ನನ್ನ ಅಭಿಪ್ರಾಯ ನಿಮ್ಮ ತಂದೆಯವರದಕ್ಕಿಂತ ಬೇರೆ. ಅದು ಎರಡು ವರ್ಷದ ಪೂರ್ಣಾವಧಿ ಕೋರ್ಸು. ಹಾಜರಾತಿ ಇದೆ, ಶಾಲೆಯಲ್ಲಿ ವಾರಗಟ್ಟಲೆ ಬೋಧನಾ ತರಬೇತಿ ಇದೆ. ಪೂರ್ವಭಾವಿ ದಾಟಿದರೆ ಆಗಸ್ಟ್‌ನಲ್ಲಿ ಮುಖ್ಯ ಪರೀಕ್ಷೆಗೆ ಕೂರಬೇಕಾದ ಹೊತ್ತಿನಲ್ಲಿ ನೀವು ಪಾಠಯೋಜನೆ ಬರೆಯುತ್ತಿರುತ್ತೀರಿ. ಮಕ್ಕಳಿಗೆ ಪಾಠ ಹೇಳುವುದು ನಿಮಗೆ ನಿಜಕ್ಕೂ ಇಷ್ಟವೆಂದಾದರೆ ಬಿ.ಎಡ್. ಒಳ್ಳೆಯ ದಾರಿ, ಆಗ ಯುಪಿಎಸ್‌ಸಿಯನ್ನು ಎರಡು ವರ್ಷ ಪಕ್ಕಕ್ಕಿಡಿ. ಅಪ್ಪನನ್ನು ಸಮಾಧಾನಪಡಿಸಲಿಕ್ಕೆಂದು ಸೇರುವುದಾದರೆ ಎರಡೂ ಕೆಡುತ್ತವೆ. ಈ ಸಂಜೆಯ ಮನೆಪಾಠ ನಿಮಗೆ ಹಿಡಿಸುತ್ತದೆಯೇ ಎಂಬುದು ಆ ನಿರ್ಧಾರಕ್ಕೂ ನೆರವಾಗುತ್ತದೆ.

ನಿಮ್ಮ ಸ್ಥಿತಿಗೆ ಹೆಚ್ಚು ಹೊಂದುವುದು ದೂರಶಿಕ್ಷಣದ ಎಂ.ಎ., ಅದರಲ್ಲೂ ಕನ್ನಡ ಎಂ.ಎ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಅದು ಇದೆ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವರು ಯುಪಿಎಸ್‌ಸಿಯಲ್ಲೂ ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವುದು ಸಹಜ. ಒಟ್ಟು 2025 ಅಂಕಗಳಲ್ಲಿ ಐಚ್ಛಿಕದ ಎರಡು ಪತ್ರಿಕೆಗಳದ್ದು 500. ಭಾಷೆಯ ಇತಿಹಾಸ, ಹಳಗನ್ನಡ ಕಾವ್ಯ, ವಚನ, ನಡುಗನ್ನಡ, ಆಧುನಿಕ ಸಾಹಿತ್ಯ, ಕಾವ್ಯಮೀಮಾಂಸೆ ಇವೆಲ್ಲ ಎಂ.ಎ. ಪಠ್ಯದೊಂದಿಗೆ ಬಹುಮಟ್ಟಿಗೆ ಕೂಡಿಬರುತ್ತವೆ. ಹಳಗನ್ನಡದ ಪದ್ಯವನ್ನು ಬಿಡಿಸಿ ಓದುವುದು ಅವಸರಕ್ಕೆ ಒಗ್ಗದ ಕೆಲಸ. ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆಗಳ ನಡುವೆ ಸಿಗುವ ಮೂರು ತಿಂಗಳಲ್ಲಿ ಅದನ್ನು ಶುರುಮಾಡುವವರ ಪಾಡು ನೋಡಿದ್ದೇನೆ. ಈಗ ದಿನಕ್ಕೆ ನಾಲ್ಕೈದು ಪದ್ಯ, ವಾರಕ್ಕೆರಡು ಉತ್ತರ ಬರೆದರೆ ಆ ಹೊತ್ತಿಗೆ ಪುನರ್ಮನನವಷ್ಟೇ ಉಳಿಯುತ್ತದೆ. ಎಂ.ಎ. ಕೈಗೆ ಬಂದರೆ ಕೆ-ಸೆಟ್, ನೆಟ್ ಬರೆದು ಪದವಿ ಕಾಲೇಜಿನ ಅಧ್ಯಾಪಕ ವೃತ್ತಿಗೆ ಹೋಗುವ ದಾರಿಯೂ ತೆರೆಯುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತದಂಥ ವಿಷಯಗಳಿವೆ. ಅದಕ್ಕೆ ಸೇರುವುದಾದರೆ ಜೂನ್ ಪರೀಕ್ಷೆ ಪ್ರಿಲಿಮ್ಸ್‌ಗೆ ಅಂಟಿಕೊಂಡು ಬರುವುದರಿಂದ ಡಿಸೆಂಬರ್ ಪರೀಕ್ಷೆಗೆ ಯೋಜಿಸಿಕೊಳ್ಳಿ.

ಉತ್ತರ ಬರೆಯುವ ಅಭ್ಯಾಸವನ್ನು ಪ್ರಿಲಿಮ್ಸ್ ದಾಟಿದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದರೆ ಅದನ್ನೂ ಬಿಡಿ. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ತಲಾ ಮೂರು ಗಂಟೆಗೆ 20 ಪ್ರಶ್ನೆಗಳು, 150 ಮತ್ತು 250 ಪದಗಳ ಮಿತಿ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಷ್ಟವಿದೆ: ಮಾದರಿ ಉತ್ತರಗಳು, ಸಮಿತಿ ವರದಿಗಳು, ಆರ್ಥಿಕ ಸಮೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ, ಆದ್ದರಿಂದ ಓದಿದ್ದನ್ನು ಬರೆಯಬೇಕಾದ ಭಾಷೆಗೆ ತಂದುಕೊಳ್ಳುವ ಕೆಲಸ ಅಭ್ಯರ್ಥಿಯ ಮೇಲೆಯೇ ಬೀಳುತ್ತದೆ. ಅದನ್ನು ಪರೀಕ್ಷಾ ಕೊಠಡಿಯಲ್ಲಿ ಮಾಡಲಾಗದು. ವಾರಕ್ಕೆ ನಾಲ್ಕು ಉತ್ತರ ಬರೆದು, ನಿಮ್ಮ ಬಿ.ಎ. ಅಧ್ಯಾಪಕರೊಬ್ಬರಿಗೆ ತೋರಿಸಿ. ಇನ್ನೊಬ್ಬರ ಕಣ್ಣಿಗೆ ಬೀಳದ ಬರಹ ಎಷ್ಟು ಬರೆದರೂ ಸುಧಾರಿಸುವುದಿಲ್ಲ.

ಊರಿಗೆ ಮರಳಿದ್ದನ್ನು ನೀವು ಹಿನ್ನಡೆಯಂತೆ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಸಪ್ತಾಪುರದ ರೀಡಿಂಗ್ ರೂಮಿನಲ್ಲಿ ಕೂತು ಕೃಷಿ ಮಾರುಕಟ್ಟೆಯ ಬಗ್ಗೆ ಪಾಯಿಂಟ್ ಬರೆದುಕೊಳ್ಳುವವರಿಗೆ ಸಿಗದ ಒಂದು ವಸ್ತು ನಿಮ್ಮ ಜಿಲ್ಲೆಯಲ್ಲೇ ಇದೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆ, ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಕಾಯಿಯಿಂದ ಓಲಿಯೋರೆಸಿನ್ ಎಂಬ ಸಾರ ತೆಗೆದು ಆಹಾರದ ಬಣ್ಣಕ್ಕೂ ಸೌಂದರ್ಯವರ್ಧಕಗಳಿಗೂ ಬಳಸುತ್ತಾರೆ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ಬೆಳೆಗಾರರು ಅಲ್ಲಿನ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆ ನೆನಪಿರಬಹುದು. ಒಂದೇ ದಿನದಲ್ಲಿ ದರ ಹಾಗೇಕೆ ಬೀಳುತ್ತದೆ? ಇ-ಟೆಂಡರ್ ಇದ್ದೂ ಬೆಳೆಗಾರನಿಗೆ ನಂಬಿಕೆ ಏಕೆ ಬರಲಿಲ್ಲ? ಶೀತಲಗೃಹದಲ್ಲಿ ಇಡಲು ಯಾರಿಗೆ ಸಾಧ್ಯ, ಯಾರಿಗೆ ಇಲ್ಲ? ಬೇರೆ ಜಿಲ್ಲೆಗಳಿಂದಲೂ ಆಂಧ್ರ, ತೆಲಂಗಾಣದಿಂದಲೂ ಲಾರಿಗಳು ಇಲ್ಲಿಗೇ ಏಕೆ ಬರುತ್ತವೆ? ಡಿಸೆಂಬರ್, ಜನವರಿಯಲ್ಲಿ ಆವಕ ಶುರುವಾದಾಗ ನಾಲ್ಕಾರು ಸಲ ಹೋಗಿ ಬೆಳೆಗಾರರನ್ನೂ ದಲಾಲರನ್ನೂ ಹಮಾಲರನ್ನೂ ಮಾತಾಡಿಸಿ, ಹತ್ತು ಪುಟ ಬರೆಯಿರಿ. ಕೃಷಿ ಉತ್ಪನ್ನಗಳ ಸಾಗಣೆ, ದಾಸ್ತಾನು, ಮಾರಾಟ, ಆಹಾರ ಸಂಸ್ಕರಣೆ ಎಲ್ಲವೂ ಸಾಮಾನ್ಯ ಅಧ್ಯಯನದ ಮೂರನೇ ಪತ್ರಿಕೆಯ ಪಠ್ಯಕ್ರಮದಲ್ಲಿ ಇರುವ ವಿಷಯಗಳೇ.

ಇದೇ ರೀತಿ ಪಂಚಾಯಿತಿಯ ವಾರ್ಡ್ ಸಭೆ, ಗ್ರಾಮಸಭೆಗಳಿಗೆ ಹೋಗಿ ಕೂತುಕೊಳ್ಳಿ. 73ನೇ ತಿದ್ದುಪಡಿಯ ಬಗ್ಗೆ ಪುಟಗಟ್ಟಲೆ ಓದಿರುತ್ತೀರಿ, ಆದರೆ ಕೋರಂ ಇಲ್ಲದೆ ಸಭೆ ಮುಂದೆ ಹೋಗುವುದನ್ನು, ಫಲಾನುಭವಿಗಳ ಪಟ್ಟಿ ಮೊದಲೇ ಸಿದ್ಧವಾಗಿ ಬಂದಿರುವುದನ್ನು, ಇ-ಸ್ವತ್ತಿಗಾಗಿ ಜನ ಪಿಡಿಒ ಹಿಂದೆ ಅಲೆಯುವುದನ್ನು ಕಣ್ಣಾರೆ ಕಂಡವರ ಉತ್ತರ ಬೇರೆಯೇ ಇರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ನಿಮ್ಮ ಓಣಿಯ ಮನೆಗಳಲ್ಲಿ ಯಾವುದಕ್ಕೆ ಖರ್ಚಾಗುತ್ತದೆ, ಯಾರು ತೀರ್ಮಾನಿಸುತ್ತಾರೆ ಎಂದು ಹತ್ತು ಹೆಂಗಸರನ್ನು ಕೇಳಿ ಬರೆದಿಟ್ಟುಕೊಳ್ಳಿ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದದ್ದನ್ನು ಹಿರಿಯರಿಂದ ಕೇಳಿ ತಿಳಿಯಿರಿ. ಸಂದರ್ಶನ ಮಂಡಳಿಯ ಮುಂದೆ ನಿಮ್ಮ ವಿವರವಾದ ಅರ್ಜಿ ಇರುತ್ತದೆ. ಅದರಲ್ಲಿ ಜಿಲ್ಲೆ, ಪದವಿ, ಹವ್ಯಾಸ, ಉದ್ಯೋಗ ಎಲ್ಲವೂ ಇರುತ್ತವೆ. ಪದವಿಯ ನಂತರ ಇಷ್ಟು ವರ್ಷ ಏನು ಮಾಡಿದಿರಿ ಎಂಬ ಪ್ರಶ್ನೆಗೆ ‘ತಯಾರಿ ನಡೆಸುತ್ತಿದ್ದೆ’ ಎಂಬುದಷ್ಟೇ ಉತ್ತರವಾದರೆ ಮಾತು ಅಲ್ಲಿಗೇ ಸೊರಗುತ್ತದೆ. ಆದರೆ ಸಂದರ್ಶನಕ್ಕಾಗಿ ಸಮಾಜಸೇವೆಯ ಪ್ರಮಾಣಪತ್ರ ಸಂಪಾದಿಸುವ ನಾಟಕ ಮಾತ್ರ ಬೇಡ. ಅನುಭವಿ ಮಂಡಳಿಗೆ ಅದು ಎರಡನೇ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ.

ಯಾರೂ ಹೇಳದ, ಆದರೆ ಬಿಡುವಿನಲ್ಲಿ ಮಾಡಲೇಬೇಕಾದ ಕೆಲಸವೊಂದಿದೆ: ಕಾಗದಪತ್ರ. ರಾಜ್ಯದಲ್ಲಿ ಪ್ರವರ್ಗ 2ಎ ಎಂದ ಮಾತ್ರಕ್ಕೆ ಕೇಂದ್ರದ ಒಬಿಸಿ ಮೀಸಲಾತಿ ತಾನಾಗಿ ಬರುವುದಿಲ್ಲ. ನಿಮ್ಮ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪಡೆಯಬೇಕು, ಅದರ ದಿನಾಂಕವೂ ಅಧಿಸೂಚನೆಯ ಷರತ್ತಿಗೆ ಹೊಂದಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು ಹೆಸರಿದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. ಫೆಬ್ರವರಿಯಲ್ಲಿ ನಾಡಕಚೇರಿಯ ಮುಂದೆ ಸಾಲು ನಿಲ್ಲುವುದೆಂದರೆ ಓದುವ ದಿನಗಳನ್ನು ಕೈಯಾರೆ ಕಳೆದುಕೊಂಡಂತೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಪ್ರವೇಶ ಪರೀಕ್ಷೆಯ ಮೂಲಕ ಉಚಿತ ತರಬೇತಿ ಕೊಡಿಸುತ್ತವೆ; ಅವುಗಳ ಅರ್ಜಿ ಕರೆಯುವ ಸಮಯದ ಮೇಲೂ ಕಣ್ಣಿಡಿ.

ಮನೆಯಲ್ಲಿ ಇರುವ ಹೆಣ್ಣುಮಗಳ ಸಮಯ ‘ಖಾಲಿ’ ಎಂದೇ ಎಲ್ಲರೂ ಭಾವಿಸುವುದರಿಂದ ಅಡುಗೆ, ನೆಂಟರು, ಮದುವೆ ಮಾತು ಎಲ್ಲವೂ ಅದರೊಳಗೆ ನುಗ್ಗುತ್ತವೆ. ತಂದೆತಾಯಿಯರೊಂದಿಗೆ ಕೂತು ಇಂತಿಷ್ಟು ಪ್ರಯತ್ನ, ಇಂಥ ವರ್ಷದವರೆಗೆ ಎಂದು ಸ್ಪಷ್ಟವಾಗಿ ಮಾತಾಡಿ, ನಿಮ್ಮ ಕಡೆಯಿಂದ ಎಂ.ಎ. ಮತ್ತು ಬ್ಯಾಂಕ್ ಪರೀಕ್ಷೆಗಳ ಯೋಜನೆಯನ್ನೂ ಮುಂದಿಡಿ. ಗಡುವಿಲ್ಲದ ಕಾಯುವಿಕೆ ಅವರಿಗೂ ಕಷ್ಟವೇ. ಟೆಲಿಗ್ರಾಂ ಗುಂಪುಗಳಿಂದ ಜನವರಿಯವರೆಗೆ ಹೊರಬನ್ನಿ, ಅಲ್ಲಿ ನಡೆಯುವುದು ಬಹುಪಾಲು ಕಟ್‌ಆಫ್ ಜಗಳ. ನಿದ್ದೆ ಬಾರದೆ, ಪುಸ್ತಕ ಮುಟ್ಟಲೂ ಮನಸ್ಸಿಲ್ಲದೆ ವಾರಗಟ್ಟಲೆ ಕಳೆದರೆ ಅದನ್ನು ಸೋಮಾರಿತನವೆಂದು ಹಳಿದುಕೊಳ್ಳಬೇಡಿ. ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚೇನೂ ಇಲ್ಲ.

ಕೊನೆಯದಾಗಿ, 2026ರಲ್ಲಿ ಪರೀಕ್ಷೆಗೆ ಕೂರಲೇಬೇಕೆ ಎಂಬುದನ್ನು ಈಗಲೇ ತೀರ್ಮಾನಿಸಬೇಡಿ. ಅರ್ಜಿ ಹಾಕಿದ ಮಾತ್ರಕ್ಕೆ ಪ್ರಯತ್ನ ಲೆಕ್ಕಕ್ಕೆ ಬರುವುದಿಲ್ಲ, ಪೂರ್ವಭಾವಿಯ ಒಂದು ಪತ್ರಿಕೆಗಾದರೂ ಹಾಜರಾದರೆ ಬರುತ್ತದೆ. ಕೇಂದ್ರದ ಒಬಿಸಿ ಮೀಸಲಾತಿ ನಿಮಗೆ ದಕ್ಕಿದರೆ ಒಂಬತ್ತು ಪ್ರಯತ್ನ, 35 ವರ್ಷದ ಮಿತಿ: ನಿಮಗೆ ಉಳಿದಿರುವುದು ಏಳು ಪ್ರಯತ್ನ, ಎಂಟು ವರ್ಷ. ದಕ್ಕದಿದ್ದರೆ ಸಾಮಾನ್ಯ ವರ್ಗದ ಆರು ಪ್ರಯತ್ನ, 32 ವರ್ಷ: ಉಳಿದಿರುವುದು ನಾಲ್ಕು ಪ್ರಯತ್ನ, ಐದು ವರ್ಷ. ಎರಡೂ ಲೆಕ್ಕದಲ್ಲಿ ಒಂದು ವರ್ಷ ಬಿಟ್ಟರೆ ನಿಮಗೆ ನಷ್ಟವಿಲ್ಲ. ಆದ್ದರಿಂದ ಅಧಿಸೂಚನೆ ಬಂದಾಗ ಅರ್ಜಿ ಹಾಕಿ, ಏಪ್ರಿಲ್‌ನಲ್ಲಿ ಹಿಂದಿನ ವರ್ಷಗಳ ಮೂರು ಸಿ-ಸ್ಯಾಟ್ ಪತ್ರಿಕೆಗಳನ್ನು, 2023ರದ್ದೂ ಸೇರಿದಂತೆ, ಎರಡೆರಡು ಗಂಟೆಗೆ ಸರಿಯಾಗಿ ಬರೆದು ನೋಡಿ. ಮೂರರಲ್ಲೂ 80 ದಾಟಿದರೆ ಮೇ 24ಕ್ಕೆ ಪರೀಕ್ಷಾ ಕೇಂದ್ರಕ್ಕೆ ಹೋಗಿ. ದಾಟದಿದ್ದರೆ ಆ ಭಾನುವಾರ ಮನೆಯಲ್ಲೇ ಕೂತು, ಬಂದ ಪ್ರಶ್ನೆಪತ್ರಿಕೆಯನ್ನು ಸಂಜೆ ಅಭ್ಯಾಸಕ್ಕೆಂದು ಬಿಡಿಸಿ.